ಸಂಪಾದನೆಗೆ ಸಂಪಾದನೆಯೇ ಉತ್ತರ

ಬೆಂಗಳೂರು–ಹಾಸನ ಹೆದ್ದಾರಿಯಲ್ಲಿ ಕುಣಿಗಲ್ ದಾಟಿ ಸುಮಾರು 20 ಕಿ.ಮೀ. ಬಂದರೆ ಯಡಿಯೂರು. ಧರ್ಮಸ್ಥಳಕ್ಕೋ ಕುಕ್ಕೆಗೋ ಹೊರಟವರು ಗಾಡಿ ನಿಲ್ಲಿಸಿ, ಸಿದ್ಧಲಿಂಗೇಶ್ವರರ ಗದ್ದುಗೆಗೆ ಕೈಮುಗಿದು, ದಾಸೋಹದಲ್ಲಿ ಉಂಡು ಮುಂದಕ್ಕೆ ಹೋಗುತ್ತಾರೆ. ಕುಣಿಗಲ್ ಸೀಮೆಯ ನಮ್ಮಂಥವರಿಗೆ ಯಡಿಯೂರಪ್ಪ ಮನೆದೇವರು. ಮಗುವಿಗೆ ಹೆಸರಿಟ್ಟರೂ, ಮಗಳ ಮದುವೆ ಗೊತ್ತಾದರೂ, ಹೊಸ ಟ್ರ್ಯಾಕ್ಟರ್ ತಂದರೂ ಮೊದಲ ಪೂಜೆ ಅಲ್ಲಿಯೇ. ನಮ್ಮ ಕಡೆ ಹಾಜರಿ ಪುಸ್ತಕ ತೆರೆದರೆ ಒಂದು ತರಗತಿಯಲ್ಲಿ ಇಬ್ಬರು ಮೂವರಾದರೂ ಸಿದ್ಧಲಿಂಗಯ್ಯ, ಸಿದ್ಧಲಿಂಗಮೂರ್ತಿ ಸಿಗುತ್ತಾರೆ.

ಗದ್ದುಗೆಯ ಮುಂದೆ ಸಾಲಿನಲ್ಲಿ ನಿಂತಾಗಲೆಲ್ಲ ನನಗೆ ಒಂದು ಸಂಗತಿ ನೆನಪಾಗುತ್ತದೆ. ಈ ಗುರು ಪವಾಡಪುರುಷರಾಗಿ ನಮಗೆ ಗೊತ್ತು. ಹತ್ತಿರದ ಕಗ್ಗೆರೆಯಲ್ಲಿ, ನಾಗಿನಿ ನದಿಯ ದಂಡೆಯ ತೋಟದಲ್ಲಿ ತಪಸ್ಸಿಗೆ ಕುಳಿತು ತೋಂಟದ ಸಿದ್ಧಲಿಂಗರಾದ ಕಥೆಯನ್ನು ಅಜ್ಜಿಯರು ಹೇಳಿದ್ದಾರೆ. ಆದರೆ ಅವರು ಗ್ರಂಥಕರ್ತರೂ ಹೌದು. 701 ವಚನಗಳ ‘ಷಟ್‌ಸ್ಥಲ ಜ್ಞಾನಸಾರಾಮೃತ’ ಅವರದು. ಅದಕ್ಕಿಂತ ದೊಡ್ಡದು ಅವರ ಸುತ್ತ ಬೆಳೆದ ಶಿಷ್ಯಬಳಗ. ಊರೂರು ತಿರುಗುತ್ತಿದ್ದ ಆ ವಿರಕ್ತರು ಹನ್ನೆರಡನೆಯ ಶತಮಾನದ ವಚನಗಳನ್ನು ಹುಡುಕಿದರು, ಓಲೆಗರಿಯ ಮೇಲೆ ಪ್ರತಿ ಮಾಡಿದರು, ವಿಂಗಡಿಸಿದರು, ಟೀಕೆ ಬರೆದರು, ಓದಿ ವಾದಿಸಿದರು. ಇವತ್ತಿನ ಭಾಷೆಯಲ್ಲಿ ಹೇಳುವುದಾದರೆ ಅದು ಸಂಶೋಧನಾ ವಿಭಾಗದ ಕೆಲಸ. ಕಟ್ಟಡವಿರಲಿಲ್ಲ, ಅನುದಾನವಿರಲಿಲ್ಲ, ಕುಲಪತಿ ಇರಲಿಲ್ಲ. ಪಾಠ ಇತ್ತು, ಪಾಠಾಂತರ ಇತ್ತು, ಅವುಗಳ ಮೇಲೆ ಜಗಳವೂ ಇತ್ತು.

ನಮ್ಮ ಶಾಲೆ, ಕಾಲೇಜು, ವಿಶ್ವವಿದ್ಯಾಲಯಗಳಲ್ಲಿ ಮಾತಾಡಲು ಜನ ಹಿಂದೆಮುಂದೆ ನೋಡುತ್ತಿರುವ ಈ ದಿನಗಳಲ್ಲಿ ಆ ಜಗಳವನ್ನು ಅವರು ಹೇಗೆ ಆಡಿದರು ಎಂಬುದನ್ನು ನೆನಪಿಸಿಕೊಳ್ಳಬೇಕು ಅನ್ನಿಸುತ್ತದೆ.

ಒಂದು ಗ್ರಂಥ, ನಾಲ್ಕು ರೂಪ

‘ಶೂನ್ಯಸಂಪಾದನೆ’ ಎಂಬ ಹೆಸರಿನ ಗ್ರಂಥ ಕನ್ನಡದಲ್ಲಿ ಒಂದಲ್ಲ, ನಾಲ್ಕಿವೆ. ಮೊದಲನೆಯದನ್ನು ಹದಿನೈದನೆಯ ಶತಮಾನದಲ್ಲಿ ಶಿವಗಣಪ್ರಸಾದಿ ಮಹಾದೇವಯ್ಯ ಕಟ್ಟಿದರು. ಚದುರಿಹೋಗಿದ್ದ ವಚನಗಳನ್ನು ಆಯ್ದು, ಅಲ್ಲಮಪ್ರಭುವನ್ನು ನಡುವೆ ನಿಲ್ಲಿಸಿ, ಶರಣರು ಒಬ್ಬರಿಗೊಬ್ಬರು ಪ್ರಶ್ನೆ ಹಾಕಿ ಉತ್ತರ ಕೊಡುವಂತೆ ಜೋಡಿಸಿದರು. ಅದರ ನಂತರ ಹಲಗೆಯಾರ್ಯ, ಗುಮ್ಮಳಾಪುರದ ಸಿದ್ಧಲಿಂಗದೇವರು, ಗೂಳೂರು ಸಿದ್ಧವೀರಣ್ಣೊಡೆಯರು ಒಬ್ಬರಾದ ಮೇಲೊಬ್ಬರು ಅದೇ ಗ್ರಂಥವನ್ನು ಮತ್ತೆ ಸಂಪಾದಿಸಿದರು. ಕೊನೆಯ ಇಬ್ಬರೂ ತೋಂಟದ ಸಿದ್ಧಲಿಂಗರ ಶಿಷ್ಯಪರಂಪರೆಯವರು. ಗೂಳೂರು ಅಂದರೆ ನಮ್ಮದೇ ತುಮಕೂರಿನ ಪಕ್ಕದ, ದೊಡ್ಡ ಗಣಪತಿಗೆ ಹೆಸರಾದ ಗೂಳೂರು.

ಮೊದಲ ಸಂಪಾದನೆಯಲ್ಲಿ ಸುಮಾರು ಸಾವಿರ ವಚನಗಳಿದ್ದರೆ ಗೂಳೂರಿನವರದರಲ್ಲಿ ಸಾವಿರದ ಐನೂರಕ್ಕೂ ಹೆಚ್ಚು. ಬರೀ ಗಾತ್ರದ ಮಾತಲ್ಲ ಇದು. ನಂತರ ಬಂದವರಿಗೆ ಮೊದಲಿನವರ ಕೆಲವು ತೀರ್ಮಾನಗಳು ಒಪ್ಪಿಗೆಯಾಗಿರಲಿಲ್ಲ. ಸೊನ್ನಲಿಗೆಯ ಸಿದ್ಧರಾಮನಿಗೆ ಕಲ್ಯಾಣದಲ್ಲಿ ಇಷ್ಟಲಿಂಗ ದೀಕ್ಷೆ ಆಯಿತೇ ಇಲ್ಲವೇ ಎಂಬ ಪ್ರಶ್ನೆಯನ್ನೇ ತೆಗೆದುಕೊಳ್ಳಿ. ಈ ಸಂಪಾದನೆಗಳು ಅದಕ್ಕೆ ಒಂದೇ ಉತ್ತರ ಕೊಡುವುದಿಲ್ಲ. ಹೊರಗಿನವರಿಗೆ ಸಣ್ಣದಾಗಿ ಕಾಣಬಹುದು. ಆ ಕಾಲದ ವಿರಕ್ತರಿಗೆ ಅದು ಧರ್ಮದ ಬುಡಕ್ಕೆ ಸೇರಿದ ಪ್ರಶ್ನೆ. ಲಿಂಗವಿಲ್ಲದೆಯೂ ಒಬ್ಬ ಯೋಗಿ ಪರಿಪೂರ್ಣನಾಗಬಲ್ಲನೇ ಎಂಬ ತಾತ್ವಿಕ ಗಂಟು ಅದರೊಳಗಿದೆ.

ಒಪ್ಪದವರು ಏನು ಮಾಡಿದರು? ಮತ್ತೊಂದು ಸಂಪಾದನೆ ಬರೆದರು. ತಮಗೆ ಸರಿ ಕಂಡ ವಚನಗಳನ್ನು ಸೇರಿಸಿದರು, ಪ್ರಸಂಗಗಳ ಕ್ರಮ ಬದಲಿಸಿದರು, ತಮ್ಮ ವಾದವನ್ನು ವಚನಗಳ ಆಧಾರದ ಮೇಲೆಯೇ ಮಂಡಿಸಿದರು. ಹಿಂದಿನದನ್ನು ಸುಡಿಸಲಿಲ್ಲ. ಹಾಗಾಗಿ ನಾಲ್ಕೂ ಉಳಿದುಬಂದವು. ಈಗಿನ ಓದುಗ ನಾಲ್ಕನ್ನೂ ಮೇಜಿನ ಮೇಲೆ ಹರಡಿಕೊಂಡು, ಯಾರು ಎಲ್ಲಿ ಏನನ್ನು ಸೇರಿಸಿದರು, ಎಲ್ಲಿ ಬಿಟ್ಟರು ಎಂದು ಹೋಲಿಸಬಹುದು. ಶೈಕ್ಷಣಿಕ ಸ್ವಾತಂತ್ರ್ಯವೆಂದರೆ ಏನೆಂದು ಯಾರಾದರೂ ಕೇಳಿದರೆ ನಾನು ಜರ್ಮನಿಯ ವಿಶ್ವವಿದ್ಯಾಲಯಗಳಿಂದ ಮಾತು ಶುರು ಮಾಡುವುದಿಲ್ಲ. ಈ ನಾಲ್ಕು ಗ್ರಂಥಗಳನ್ನು ತೋರಿಸುತ್ತೇನೆ.

ಗ್ರಂಥದ ಒಳಗೂ ಅದೇ ಗಾಳಿ ಆಡುತ್ತದೆ. ಇದು ನಡೆದದ್ದನ್ನು ನಡೆದಂತೆ ಬರೆದ ವರದಿಯಲ್ಲ, ವಚನಗಳಿಂದ ಕಟ್ಟಿದ ಸಂವಾದ. ಆದರೆ ಕಟ್ಟಿದವರು ಎಂಥ ಸಭೆಯನ್ನು ಕನಸಿದರು ಎಂಬುದು ಅಲ್ಲಿ ಕಾಣುತ್ತದೆ. ಸಹೋದರ ಅಜಗಣ್ಣನನ್ನು ಕಳೆದುಕೊಂಡು ಅಳುತ್ತಿರುವ ಮುಕ್ತಾಯಕ್ಕ ಅಲ್ಲಮನನ್ನೇ ತಿರುಗಿ ಕೇಳುತ್ತಾಳೆ: ಮಾತಿಗೆ ಮೀರಿದ್ದನ್ನು ಕಂಡವರು ಇನ್ನೂ ಇಷ್ಟು ಮಾತಾಡುವುದೇಕೆ? ಅಲ್ಲಮ ಸಿಟ್ಟಾಗುವುದಿಲ್ಲ, ಉತ್ತರ ಹುಡುಕುತ್ತಾನೆ. ಕಲ್ಯಾಣಕ್ಕೆ ಒಂಟಿಯಾಗಿ ಬಂದ ಎಳೆಯ ಪ್ರಾಯದ ಅಕ್ಕಮಹಾದೇವಿಗೆ ಅದೇ ಅಲ್ಲಮ ಹಾಕುವ ಪ್ರಶ್ನೆಗಳು ಕಠೋರ. ಗಂಡನ ಬಗ್ಗೆ, ಮೈ ಮುಚ್ಚಿದ ಕೂದಲಿನ ಬಗ್ಗೆಯೂ ಕೇಳುತ್ತಾನೆ. ಆಕೆ ಒಂದಕ್ಕೂ ತಲೆ ತಗ್ಗಿಸದೆ ಉತ್ತರ ಕೊಡುತ್ತಾಳೆ. ಕೊನೆಗೆ ಸಭೆಯ ಹಿರಿಯರೆಲ್ಲ ಆಕೆಯ ದೊಡ್ಡತನವನ್ನು ಒಪ್ಪುತ್ತಾರೆ. ಆಯ್ದಕ್ಕಿ ಮಾರಯ್ಯ ಹೆಚ್ಚಿಗೆ ಅಕ್ಕಿ ಆಯ್ದು ತಂದಾಗ ಹೆಂಡತಿ ಲಕ್ಕಮ್ಮ ಇದು ಆಸೆ ಎಂದು ತಿದ್ದಿ, ವಾಪಸು ಸುರಿದು ಬಾ ಎಂದು ಕಳಿಸುತ್ತಾಳೆ. ಪ್ರಶ್ನೆ ಕೇಳಿಸಿಕೊಂಡವರ ಗೌರವ ಇಲ್ಲಿ ಎಲ್ಲಿಯೂ ಕಡಿಮೆಯಾಗುವುದಿಲ್ಲ.

ಅದೇ ವಚನ, ಬೇರೆ ಕಾಲ

ಐದು ಶತಮಾನ ದಾಟಿ ಬನ್ನಿ. ಅದೇ ವಚನಗಳು, ಅದೇ ಶರಣರ ಜೀವನದ ಪ್ರಶ್ನೆಗಳು. ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದ ಪ್ರಾಧ್ಯಾಪಕ ಎಂ.ಎಂ. ಕಲಬುರ್ಗಿ ತಮ್ಮ ಸಂಶೋಧನ ಲೇಖನಗಳನ್ನು ‘ಮಾರ್ಗ’ ಎಂಬ ಹೆಸರಿನಲ್ಲಿ ಸಂಪುಟಗಳಾಗಿ ತರುತ್ತಿದ್ದರು. ಮೊದಲ ಸಂಪುಟದಲ್ಲಿ ಚನ್ನಬಸವಣ್ಣನ ಜನನ ಮತ್ತು ಬಸವಣ್ಣನವರ ಪತ್ನಿ ನೀಲಾಂಬಿಕೆಯ ಕುರಿತ ಬರಹಗಳಿದ್ದವು. ವಚನಗಳನ್ನು, ಶಾಸನಗಳನ್ನು ಇಟ್ಟುಕೊಂಡು ಮಾಡಿದ ಊಹೆಗಳು ಅವು. ತಪ್ಪಿರಬಹುದು, ಸರಿಯಿರಬಹುದು. ತೂಗಿ ನೋಡುವ ವಿದ್ವಾಂಸರಿಗೆ ಕನ್ನಡದಲ್ಲಿ ಕೊರತೆಯಿರಲಿಲ್ಲ. ಆದರೆ 1989ರಲ್ಲಿ ಅದು ವಿದ್ವಾಂಸರ ಕೈ ತಪ್ಪಿ ಬೀದಿಗೆ ಬಂತು. ಒತ್ತಡ, ಬೆದರಿಕೆಗಳ ನಡುವೆ ಕಲಬುರ್ಗಿಯವರು ತಮ್ಮ ಮಾತುಗಳನ್ನು ಹಿಂತೆಗೆದುಕೊಂಡರು. ಮನೆಯವರ ಜೀವ ಉಳಿಸಲು ಹೀಗೆ ಮಾಡಿದೆ, ಆದರೆ ಇದು ನನ್ನ ಬೌದ್ಧಿಕ ಆತ್ಮಹತ್ಯೆ ಎಂಬ ಅರ್ಥದಲ್ಲಿ ಅವರು ಆಗ ಹೇಳಿಕೊಂಡರು. ಒಬ್ಬ ಮೇಷ್ಟರ ಬಾಯಲ್ಲಿ ಆ ಮಾತು ಬಂದ ದಿನ ಕರ್ನಾಟಕದ ಎಲ್ಲ ತರಗತಿಗಳೂ ಒಂದಿಷ್ಟು ಕುಗ್ಗಿದವು ಎಂದೇ ನನ್ನ ನಂಬಿಕೆ.

ಚನ್ನಬಸವಣ್ಣನ ಜನನದ ಪ್ರಶ್ನೆ ಅಲ್ಲಿಗೆ ಮುಗಿಯಲಿಲ್ಲ. ಕನ್ನಡ ಪ್ರಾಧ್ಯಾಪಕ ಪಿ.ವಿ. ನಾರಾಯಣ ಬರೆದ ‘ಧರ್ಮಕಾರಣ’ ಕಾದಂಬರಿಯನ್ನು 1990ರ ದಶಕದಲ್ಲಿ ಸರ್ಕಾರ ಮುಟ್ಟುಗೋಲು ಹಾಕಿಕೊಂಡಿತು. ಅದನ್ನು ಪ್ರಶ್ನಿಸಿ ಸುಪ್ರೀಂ ಕೋರ್ಟಿನವರೆಗೆ ಹೋದ ಅರ್ಜಿಗೆ ಹೆಸರು ಕೊಟ್ಟವರು ನಮ್ಮ ಜಿಲ್ಲೆಯ ಶಿರಾ ತಾಲ್ಲೂಕಿನ ಬರಗೂರು ರಾಮಚಂದ್ರಪ್ಪ. 2007ರಲ್ಲಿ ನ್ಯಾಯಾಲಯ ನಿಷೇಧವನ್ನೇ ಎತ್ತಿಹಿಡಿಯಿತು. ಅದೇ ವರ್ಷ ಬಂಜಗೆರೆ ಜಯಪ್ರಕಾಶರು ಬಸವಣ್ಣನವರ ಹುಟ್ಟಿನ ಕುರಿತು ಬರೆದ ‘ಆನು ದೇವಾ ಹೊರಗಣವನು’ ಗಲಾಟೆಗೆ ಸಿಕ್ಕಿತು. ಮಾತೆ ಮಹಾದೇವಿಯವರು ಬಸವಣ್ಣನವರ ಅಂಕಿತ ಬದಲಿಸಿ ಪ್ರಕಟಿಸಿದ ‘ಬಸವ ವಚನ ದೀಪ್ತಿ’ಗೆ 1998ರಲ್ಲಿ ನಿಷೇಧ ಬಿತ್ತು. 2017ರಲ್ಲಿ ಸುಪ್ರೀಂ ಕೋರ್ಟ್ ಅದನ್ನೂ ಎತ್ತಿಹಿಡಿಯಿತು. ನನಗೂ ಅಂಕಿತ ಬದಲಿಸಿದ್ದು ಸರಿಕಾಣುವುದಿಲ್ಲ. ಆದರೆ ಅದಕ್ಕೆ ಸರಿಯಾದ ಉತ್ತರ ಶುದ್ಧಪಾಠದ ವಚನ ಸಂಪುಟ. ಆ ಉತ್ತರ ನಮ್ಮ ಕೈಯಲ್ಲಿ ಇದ್ದೇ ಇತ್ತು. 1993ರಲ್ಲಿ ರಾಜ್ಯ ಸರ್ಕಾರ ಹೊರತಂದ 15 ಸಂಪುಟಗಳ ‘ಸಮಗ್ರ ವಚನ ಸಂಪುಟ’ದಲ್ಲಿ ಯಾರು ಬೇಕಾದರೂ ಮೂಲ ಅಂಕಿತವನ್ನು ನೋಡಿಕೊಳ್ಳಬಹುದಿತ್ತು.

ಆ 15 ಸಂಪುಟಗಳ ಪ್ರಧಾನ ಸಂಪಾದಕರು ಯಾರು? ಅದೇ ಕಲಬುರ್ಗಿ. ಯಡಿಯೂರಿನ ಗುರುವಿನ ಶಿಷ್ಯರು ಓಲೆಗರಿಯಲ್ಲಿ ಮಾಡಿದ ಕೆಲಸವನ್ನು ಅಚ್ಚಿನ ಕಾಲದಲ್ಲಿ ಮುಂದುವರಿಸಿದವರಲ್ಲಿ ಅವರು ಮೊದಲ ಸಾಲಿನವರು. ಹಂಪಿ ಕನ್ನಡ ವಿಶ್ವವಿದ್ಯಾಲಯದ ಕುಲಪತಿಯಾಗಿದ್ದವರು, ‘ಮಾರ್ಗ–4’ಕ್ಕೆ 2006ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಪಡೆದವರು. 2015ರ ಆಗಸ್ಟ್ 30ರ ಭಾನುವಾರ ಬೆಳಿಗ್ಗೆ ಧಾರವಾಡದ ಕಲ್ಯಾಣನಗರದಲ್ಲಿ, ಅವರ ಮನೆಬಾಗಿಲಲ್ಲೇ, ಯಾರೋ ಬಂದು ಬಾಗಿಲು ಬಡಿದು, ಗುಂಡು ಹೊಡೆದು ಕೊಂದರು. ಅಪರಾಧಿಗಳನ್ನು ನಿರ್ಧರಿಸುವುದು ನ್ಯಾಯಾಲಯದ ಕೆಲಸ. ನನ್ನನ್ನು ಕಾಡುವುದು ಬಾಗಿಲು ಬಡಿದ ಆ ಸದ್ದು. ಮೇಷ್ಟರ ಮನೆ ಬಾಗಿಲನ್ನು ಅಪರಿಚಿತರು ತಟ್ಟಿದರೆ ನಮ್ಮಲ್ಲಿ ಯಾರಾದರೂ ವಿದ್ಯಾರ್ಥಿ ಇರಬೇಕು ಎಂದುಕೊಳ್ಳುತ್ತಿದ್ದೆವು.

ಪತ್ರ ಬರೆದ ಕುಲಪತಿ

ಹೀಗೇ ಆಗಬೇಕೆಂದೇನೂ ಇರಲಿಲ್ಲ. ಬೇರೆ ದಾರಿಯನ್ನೂ ಈ ನಾಡು ಕಂಡಿದೆ. ಎಚ್. ನರಸಿಂಹಯ್ಯನವರು 1970ರ ದಶಕದಲ್ಲಿ ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾಗಿದ್ದರು. ಗೌರಿಬಿದನೂರು ತಾಲ್ಲೂಕಿನ ಹೊಸೂರಿನ ಬಡಮನೆಯಿಂದ ಬಂದು ಭೌತವಿಜ್ಞಾನದ ಮೇಷ್ಟರಾದವರು. ಪವಾಡಗಳನ್ನೂ ಮೂಢನಂಬಿಕೆಗಳನ್ನೂ ಪರೀಕ್ಷಿಸಲು 1976ರಲ್ಲಿ ವಿಶ್ವವಿದ್ಯಾಲಯದ ವತಿಯಿಂದಲೇ ಸಮಿತಿ ಮಾಡಿದರು. ಸತ್ಯಸಾಯಿ ಬಾಬಾ ಅವರಿಗೆ ಪತ್ರ ಬರೆದು, ಸಮಿತಿಯ ಎದುರು ಪವಾಡ ತೋರಿಸಬೇಕೆಂದು ಕೋರಿದರು. ಉತ್ತರ ಬಾರದಿದ್ದಾಗ ಮತ್ತೆ ಬರೆದರು, ಮೂರನೆಯ ಸಲವೂ ಬರೆದರು. ದೇಶದ ಪತ್ರಿಕೆಗಳಲ್ಲಿ ಪರ ವಿರೋಧ ಚರ್ಚೆ ಕಾವೇರಿತು. ಬಾಬಾ ಭಕ್ತರಲ್ಲಿ ದೊಡ್ಡ ದೊಡ್ಡವರಿದ್ದರು, ಕುಲಪತಿಯನ್ನು ಕಟುವಾಗಿ ಟೀಕಿಸಿದರು. ಕುಲಪತಿ ಯಾರ ಪುಸ್ತಕವನ್ನೂ ನಿಷೇಧಿಸಿ ಎಂದು ಕೇಳಲಿಲ್ಲ, ಪರೀಕ್ಷೆಗೆ ಬನ್ನಿ ಎಂದಷ್ಟೇ ಕೇಳಿದರು. ತೆರೆದ ಮನ ಎಂದು ಅವರು ಜೀವನವಿಡೀ ಹೇಳುತ್ತಿದ್ದುದರ ಅರ್ಥ ಅಷ್ಟೇ. ಇವತ್ತು ಒಬ್ಬ ಕುಲಪತಿ ಅಂಥ ಸಮಿತಿ ಮಾಡಿಯಾರೇ ಎಂದು ಕೇಳಿಕೊಂಡರೆ ನಾವು ಎಷ್ಟು ಹಿಂದೆ ಬಂದಿದ್ದೇವೆಂಬುದು ತಿಳಿಯುತ್ತದೆ.

ಅದೇ ದಶಕದ ಇನ್ನೊಂದು ಘಟನೆ ನಮಗೆ ಕಹಿಯನ್ನೂ ಕಲಿಸುತ್ತದೆ, ದಾರಿಯನ್ನೂ ತೋರುತ್ತದೆ. 1973ರ ನವೆಂಬರಿನಲ್ಲಿ ಮೈಸೂರಿನ ವಿಚಾರ ಸಂಕಿರಣವೊಂದರಲ್ಲಿ ಸಚಿವ ಬಿ. ಬಸವಲಿಂಗಪ್ಪ ಕನ್ನಡ ಸಾಹಿತ್ಯದ ಬಹುಪಾಲು ಬೂಸಾ ಎಂದುಬಿಟ್ಟರು. ಊರೂರಲ್ಲಿ ಕಾಲೇಜು ಹುಡುಗರು ಬೀದಿಗಿಳಿದರು. ಹಾಸ್ಟೆಲುಗಳ ದಲಿತ ವಿದ್ಯಾರ್ಥಿಗಳ ಮೇಲೆ ಹಲ್ಲೆಗಳಾದವು. ಬಸವಲಿಂಗಪ್ಪ ಮಂತ್ರಿಗಿರಿ ಬಿಡಬೇಕಾಯಿತು. ಕನ್ನಡವನ್ನು ಪ್ರೀತಿಸುವ ಯಾರಿಗೂ ಆ ಮಾತು ಚುಚ್ಚುತ್ತದೆ. ಆದರೆ ಆ ಮಾತಿಗೆ ನಿಜವಾದ ಉತ್ತರ ಕೊಟ್ಟದ್ದು ಕಲ್ಲು ತೂರಿದವರಲ್ಲ. ಮುಂದಿನ ವರ್ಷಗಳಲ್ಲಿ ದಲಿತ ಚಳವಳಿ ಎದ್ದಿತು, 1979ರಲ್ಲಿ ಬಂಡಾಯ ಸಾಹಿತ್ಯ ಸಂಘಟನೆ ಹುಟ್ಟಿತು, 1984ರಲ್ಲಿ ದೇವನೂರ ಮಹಾದೇವರ ‘ಕುಸುಮಬಾಲೆ’ ಬಂತು. ಯಾರ ಬದುಕು ಕನ್ನಡ ಪುಸ್ತಕಗಳಲ್ಲಿ ಇರಲಿಲ್ಲವೋ ಅವರೇ ಬರೆದರು. ಬೂಸಾ ಎಂದ ಮಾತಿನೊಳಗಿದ್ದ ನೋವು ಏನೆಂದು ಆಮೇಲೆ ಕನ್ನಡಕ್ಕೆ ತಿಳಿಯಿತು. ಅಲ್ಲಿಯೂ ನಡೆದದ್ದು ಹೊಸ ಸಂಪಾದನೆಯೇ.

ಬದಲಾಗುವ ಪುಸ್ತಕ, ಕೇಳಿಸಿಕೊಳ್ಳದ ಮೇಷ್ಟರು

ಶಾಲೆಗೆ ಬರೋಣ. ಬರಗೂರು ರಾಮಚಂದ್ರಪ್ಪ ಅಧ್ಯಕ್ಷತೆಯ ಸಮಿತಿ ಪರಿಷ್ಕರಿಸಿದ ಪಠ್ಯಪುಸ್ತಕಗಳು 2017–18ರಲ್ಲಿ ಮಕ್ಕಳ ಕೈಗೆ ಬಂದವು. ಸರ್ಕಾರ ಬದಲಾಯಿತು. ರೋಹಿತ್ ಚಕ್ರತೀರ್ಥ ನೇತೃತ್ವದ ಸಮಿತಿ ಅವನ್ನು ಮತ್ತೆ ಪರಿಷ್ಕರಿಸಿತು. 2022ರ ಬೇಸಿಗೆಯಲ್ಲಿ ಎದ್ದ ವಾದ ಎಲ್ಲರಿಗೂ ನೆನಪಿದೆ. ಹತ್ತನೇ ತರಗತಿಯ ಕನ್ನಡ ಪುಸ್ತಕಕ್ಕೆ ಕೆ.ಬಿ. ಹೆಡಗೇವಾರ್ ಭಾಷಣ ಸೇರಿತು. ದೇವನೂರ ಮಹಾದೇವ, ಜಿ. ರಾಮಕೃಷ್ಣ ಮೊದಲಾದವರು ತಮ್ಮ ಬರಹಗಳಿಗೆ ಕೊಟ್ಟಿದ್ದ ಅನುಮತಿಯನ್ನು ಹಿಂತೆಗೆದುಕೊಂಡರು. ಒಂಬತ್ತನೇ ತರಗತಿಯ ಬಸವಣ್ಣನವರ ಪಾಠದ ಸಾಲುಗಳಿಗೆ ಮಠಾಧೀಶರು ಆಕ್ಷೇಪ ಎತ್ತಿದರು. ಅಂಬೇಡ್ಕರ್ ಪಾಠದಿಂದ ‘ಸಂವಿಧಾನ ಶಿಲ್ಪಿ’ ಎಂಬ ಮಾತು ಬಿಟ್ಟುಹೋಗಿದ್ದು ಗೊತ್ತಾಗಿ, ಮತ್ತೆ ಸೇರಿಸಬೇಕಾಯಿತು. ಜೂನ್‌ನಲ್ಲಿ ಸಮಿತಿ ವಿಸರ್ಜನೆಯಾಯಿತು. 2023ರಲ್ಲಿ ಸರ್ಕಾರ ಮತ್ತೆ ಬದಲಾಯಿತು. ಸಂಪುಟ ಸಭೆ ಕೂತು, ಕೆಲವು ಪಾಠ ತೆಗೆದು ಕೆಲವು ಪಾಠ ಸೇರಿಸಲು ತೀರ್ಮಾನಿಸಿತು.

ಇದರಲ್ಲಿ ಯಾವ ಪಾಠ ಇರಬೇಕಿತ್ತು, ಯಾವುದು ಬೇಡವಾಗಿತ್ತು ಎಂಬುದರಲ್ಲಿ ನನಗೆ ಗಟ್ಟಿ ಅಭಿಪ್ರಾಯವಿದೆ. ಭಗತ್ ಸಿಂಗ್ ಬಗ್ಗೆ ಓದುವುದು ಹದಿನೈದರ ಮಕ್ಕಳಿಗೆ ಬೇಕು ಅನ್ನುವವನು ನಾನು. ಆದರೂ ಈ ಇಡೀ ವಾದದಲ್ಲಿ ಒಂದು ದನಿ ಕೇಳಿಸಲೇ ಇಲ್ಲ ಎಂಬುದು ಅದಕ್ಕಿಂತ ದೊಡ್ಡ ನೋವು. ಅದು ಹುಲಿಯೂರುದುರ್ಗದಲ್ಲೋ ಗುಬ್ಬಿಯಲ್ಲೋ ಆ ಪಾಠವನ್ನು ಮಕ್ಕಳ ಮುಂದೆ ನಿಂತು ಮಾಡಬೇಕಾದ ಮೇಷ್ಟರ ದನಿ. ಪುಸ್ತಕ ತಪ್ಪಿದ್ದರೆ ತಪ್ಪು ಎನ್ನಲು, ಏಕಪಕ್ಷೀಯವಾಗಿದ್ದರೆ ಇನ್ನೊಂದು ಪಕ್ಷವನ್ನೂ ಹೇಳಲು ಅವರಿಗೆ ಧೈರ್ಯವಿದ್ದಿದ್ದರೆ ಯಾವ ಸಮಿತಿಯ ಯಾವ ಪಾಠಕ್ಕೂ ನಾವು ಇಷ್ಟು ಹೆದರಬೇಕಾಗಿರಲಿಲ್ಲ.

ಆ ಧೈರ್ಯ ಬರುವುದಾದರೂ ಹೇಗೆ? ಸರ್ಕಾರಿ ಶಾಲೆಯ ಶಿಕ್ಷಕರು ಕರ್ನಾಟಕ ರಾಜ್ಯ ನಾಗರಿಕ ಸೇವಾ ನಡತೆ ನಿಯಮಗಳಿಗೆ ಒಳಪಟ್ಟವರು. 2021ರಲ್ಲಿ ಹೊಸದಾಗಿ ಬಂದ ಆ ನಿಯಮಗಳ ಪ್ರಕಾರ ಸರ್ಕಾರದ ನೀತಿಯನ್ನು ಬಹಿರಂಗವಾಗಿ ಟೀಕಿಸುವಂತಿಲ್ಲ. 2023ರ ಮೇ ತಿಂಗಳಲ್ಲಿ ಚಿತ್ರದುರ್ಗ ಜಿಲ್ಲೆಯ ಹೊಸದುರ್ಗ ತಾಲ್ಲೂಕಿನ ಸರ್ಕಾರಿ ಶಾಲಾ ಶಿಕ್ಷಕರೊಬ್ಬರು ಉಚಿತ ಯೋಜನೆಗಳನ್ನೂ ರಾಜ್ಯದ ಸಾಲವನ್ನೂ ಕುರಿತು ಸಾಮಾಜಿಕ ಜಾಲತಾಣದಲ್ಲಿ ಬರೆದದ್ದಕ್ಕೆ ಅಮಾನತಾದರು. ಯಾವ ಪಕ್ಷದ ಆಳ್ವಿಕೆ ಎಂಬುದು ಇಲ್ಲಿ ಮುಖ್ಯವಲ್ಲ. ಖುರ್ಚಿಯಲ್ಲಿ ಯಾರೇ ಕೂತಿರಲಿ, ಮೇಷ್ಟರ ಬಾಯಿ ಮುಚ್ಚಿಸುವ ಕೀಲಿ ಅದೇ ಮೇಜಿನ ಡ್ರಾಯರಿನಲ್ಲಿದೆ. ಸ್ವತಂತ್ರ ಭಾರತದ ಮೊದಲ ವಿಶ್ವವಿದ್ಯಾಲಯ ಆಯೋಗ, ಎಸ್. ರಾಧಾಕೃಷ್ಣನ್ ಅಧ್ಯಕ್ಷತೆಯದ್ದು, 1949ರಷ್ಟು ಹಿಂದೆಯೇ ವಿವಾದದ ವಿಷಯಗಳ ಬಗ್ಗೆ ಮಾತಾಡಲು ಅಧ್ಯಾಪಕರಿಗೆ ಉಳಿದ ನಾಗರಿಕರಷ್ಟೇ ಸ್ವಾತಂತ್ರ್ಯವಿರಬೇಕು ಎಂದಿತ್ತು. ಆ ಮಾತು ವರದಿಯಲ್ಲೇ ಉಳಿಯಿತು.

ಕಾಲೇಜುಗಳ ಸ್ಥಿತಿ ಇನ್ನೂ ನಾಜೂಕು. 2024ರ ಹೊತ್ತಿಗೆ ರಾಜ್ಯದ ಸರ್ಕಾರಿ ಪ್ರಥಮ ದರ್ಜೆ ಕಾಲೇಜುಗಳಲ್ಲಿ ಪಾಠದ ಹೊರೆ ಹೊತ್ತಿದ್ದವರಲ್ಲಿ ಹತ್ತು ಸಾವಿರಕ್ಕೂ ಹೆಚ್ಚು ಮಂದಿ ಅತಿಥಿ ಉಪನ್ಯಾಸಕರು. ಅವರ ಕೆಲಸ ವರ್ಷ ವರ್ಷ ನವೀಕರಣವಾಗಬೇಕಿತ್ತು. ಆ ವರ್ಷದ ಜನವರಿಯ ಮೊದಲ ವಾರ ಅವರು ಸೇವಾ ಭದ್ರತೆ ಕೇಳಿ ತುಮಕೂರಿನ ಸಿದ್ಧಗಂಗಾ ಮಠದಿಂದ ಬೆಂಗಳೂರಿನ ಫ್ರೀಡಂ ಪಾರ್ಕಿನವರೆಗೆ ನಡೆದರು. ಚಳಿಯಲ್ಲಿ ಹೆದ್ದಾರಿಯ ಬದಿಗೆ ನಡೆಯುತ್ತಿದ್ದ ಆ ಎಂ.ಎ., ಪಿಎಚ್.ಡಿ. ಪದವೀಧರರನ್ನು ಎಲ್ಲರೂ ಸಂಬಳದ ಪ್ರಶ್ನೆಯಾಗಿಯೇ ನೋಡಿದರು. ನನಗೆ ಅದು ಮಾತಿನ ಪ್ರಶ್ನೆಯಾಗಿಯೂ ಕಂಡಿತು. ಬರುವ ಜೂನಿನಲ್ಲಿ ಕೆಲಸ ಇರುತ್ತದೋ ಇಲ್ಲವೋ ಗೊತ್ತಿಲ್ಲದವನು ತರಗತಿಯಲ್ಲಿ ಪ್ರಿನ್ಸಿಪಾಲರಿಗೆ, ಸ್ಥಳೀಯ ಪುಢಾರಿಗೆ, ಮೊಬೈಲಿನಲ್ಲಿ ರೆಕಾರ್ಡ್ ಮಾಡಿಕೊಳ್ಳುವ ಹುಡುಗನಿಗೆ ಇಷ್ಟವಾಗದ್ದನ್ನು ಹೇಳಿಯಾನೇ? ಅಧ್ಯಾಪಕರ ಉದ್ಯೋಗ ಭದ್ರತೆ ಶೈಕ್ಷಣಿಕ ಸ್ವಾತಂತ್ರ್ಯದ ಒಂದು ಆಧಾರವೆಂದು ಯುನೆಸ್ಕೊ 1997ರ ತನ್ನ ಶಿಫಾರಸಿನಲ್ಲಿ ಹೇಳಿದೆ. ಕಾಯಂ ನೇಮಕಾತಿ ನಿಂತರೆ ಪ್ರಶ್ನೆಯೂ ನಿಲ್ಲುತ್ತದೆ. ನಿಷೇಧದ ಆದೇಶ ಬೇಕಾಗುವುದೇ ಇಲ್ಲ.

ವಿದ್ಯಾರ್ಥಿಗಳ ದನಿಯೂ ಕುಗ್ಗಿದೆ. ಕರ್ನಾಟಕದ ಕ್ಯಾಂಪಸ್ಸುಗಳಲ್ಲಿ ವಿದ್ಯಾರ್ಥಿ ಸಂಘದ ಚುನಾವಣೆ ನಿಂತು ಮೂರು ದಶಕ ದಾಟಿದೆ. ಹೊಡೆದಾಟ, ಜಾತಿ, ಹಣ ಬಂದವೆಂದು ನಿಲ್ಲಿಸಿದರು. ಅವೆಲ್ಲ ಇದ್ದದ್ದು ನಿಜ. ಆದರೆ ವೇದಿಕೆ ಹತ್ತಿ ವಾದಿಸುವ, ಸೋತು ಎದುರಾಳಿಯ ಕೈಕುಲುಕುವ ಅಭ್ಯಾಸವೂ ಅದರ ಜೊತೆಗೇ ಹೋಯಿತು.

ಬೀದರಿನ ಮಕ್ಕಳು

ಅತ್ಯಂತ ನೋವಿನ ಕಥೆ ಬೀದರಿನದು. 2020ರ ಜನವರಿ 21ರಂದು ಅಲ್ಲಿನ ಶಾಹೀನ್ ಶಾಲೆಯ ಮಕ್ಕಳು ಪೌರತ್ವ ಕಾಯ್ದೆಯ ಬಗ್ಗೆ ನಾಟಕವಾಡಿದರು. ಶಾಲೆಯ ಮೇಲೆ ದೇಶದ್ರೋಹದ ದೂರು ದಾಖಲಾಯಿತು. ಮುಖ್ಯ ಶಿಕ್ಷಕಿಯನ್ನೂ, ವಿದ್ಯಾರ್ಥಿನಿಯೊಬ್ಬಳ ತಾಯಿಯನ್ನೂ ಬಂಧಿಸಿದರು. ಇಬ್ಬರೂ ಸುಮಾರು ಎರಡು ವಾರ ಜೈಲಿನಲ್ಲಿದ್ದರು. ಪೊಲೀಸರು ಮತ್ತೆ ಮತ್ತೆ ಶಾಲೆಗೆ ಬಂದು ಪುಟ್ಟ ಮಕ್ಕಳನ್ನು ಪ್ರಶ್ನಿಸಿದರು, ಕೆಲವು ಪೊಲೀಸರು ಸಮವಸ್ತ್ರದಲ್ಲೇ ಇದ್ದರು. 2023ರ ಜೂನಿನಲ್ಲಿ ಹೈಕೋರ್ಟಿನ ಕಲಬುರಗಿ ಪೀಠ ಆ ಪ್ರಕರಣವನ್ನು ರದ್ದುಮಾಡಿತು, ಅಲ್ಲಿ ದೇಶದ್ರೋಹವಿಲ್ಲ ಎಂದಿತು. ನಾಟಕದ ಕೆಲವು ಮಾತುಗಳು ಬೇಜವಾಬ್ದಾರಿಯವು, ಎಳೆಯ ಮಕ್ಕಳನ್ನು ರಾಜಕೀಯ ವಿಷಯದಿಂದ ದೂರವಿಡುವುದು ಒಳ್ಳೆಯದು ಎಂಬ ಕಿವಿಮಾತನ್ನೂ ಹೇಳಿತು. ಆ ಕಿವಿಮಾತನ್ನು ಗೌರವದಿಂದ ಚರ್ಚಿಸಬಹುದು. ಆದರೆ ನಾಟಕ ತಪ್ಪೆನಿಸಿದರೆ ಪಾಲಕರ ಸಭೆ ಕರೆಯಬಹುದಿತ್ತು, ಶಿಕ್ಷಣ ಇಲಾಖೆ ಕೇಳಬಹುದಿತ್ತು, ಇನ್ನೊಂದು ಶಾಲೆ ಇನ್ನೊಂದು ನಾಟಕ ಆಡಬಹುದಿತ್ತು. ಮಗುವಿನ ಸಂಭಾಷಣೆಗೆ ಉತ್ತರ ಹೇಳಲು ಪೊಲೀಸ್ ಜೀಪು ಬರಬಾರದಿತ್ತು.

ಮಗುವಿನ ಮಾತಿಗೂ ಮೌನಕ್ಕೂ ಸಂವಿಧಾನದಲ್ಲಿ ಜಾಗವಿದೆ ಎಂದು ಈ ದೇಶದ ಅತ್ಯುನ್ನತ ನ್ಯಾಯಾಲಯ 1986ರಲ್ಲೇ ಹೇಳಿದೆ. ಕೇರಳದ ಮೂವರು ಮಕ್ಕಳು ತಮ್ಮ ಧಾರ್ಮಿಕ ನಂಬಿಕೆಯ ಕಾರಣಕ್ಕೆ ರಾಷ್ಟ್ರಗೀತೆ ಹಾಡದೆ, ಗೌರವದಿಂದ ಎದ್ದು ನಿಂತಿರುತ್ತಿದ್ದರು. ಶಾಲೆ ಅವರನ್ನು ಹೊರಹಾಕಿತ್ತು. ನ್ಯಾಯಮೂರ್ತಿ ಓ. ಚಿನ್ನಪ್ಪ ರೆಡ್ಡಿಯವರಿದ್ದ ಪೀಠ ಬಿಜೋ ಇಮ್ಯಾನುಯೆಲ್ ಪ್ರಕರಣದಲ್ಲಿ ಅವರನ್ನು ವಾಪಸು ಸೇರಿಸಿಕೊಳ್ಳಲು ಹೇಳಿತು. ವಿಶ್ವಸಂಸ್ಥೆಯ ಮಕ್ಕಳ ಹಕ್ಕುಗಳ ಒಡಂಬಡಿಕೆಗೆ 1992ರಲ್ಲಿ ಭಾರತ ಒಪ್ಪಿಗೆ ಕೊಟ್ಟಿದೆ. ಮಗುವಿಗೆ ತನ್ನ ಅಭಿಪ್ರಾಯ ಹೇಳುವ ಹಕ್ಕಿದೆ ಎಂದು ಅದರಲ್ಲಿ ಸ್ಪಷ್ಟವಾಗಿದೆ.

ಕೋಡಿ ಇಲ್ಲದ ಕೆರೆ

ಹಾಗಾದರೆ ಮೇಷ್ಟರು ಏನು ಬೇಕಾದರೂ ಅನ್ನಬಹುದೇ ಎಂದು ಕೇಳುವವರಿದ್ದಾರೆ. ಕೇಳಲೇಬೇಕಾದ ಪ್ರಶ್ನೆ. ನಲವತ್ತು ಮಕ್ಕಳ ಮುಂದೆ ನಿಂತವರ ಕೈಯಲ್ಲಿ ಅಂಕವಿದೆ, ಅಧಿಕಾರವಿದೆ. ಮಗುವಿನ ಜಾತಿಯನ್ನೋ ಧರ್ಮವನ್ನೋ ಎತ್ತಿ ಅವಮಾನಿಸುವುದಕ್ಕೆ ಸ್ವಾತಂತ್ರ್ಯ ಎಂಬ ಹೆಸರು ಸಲ್ಲದು. ತನ್ನ ಪಕ್ಷದ ಕರಪತ್ರವನ್ನು ಪಾಠವಾಗಿ ಓದುವುದಕ್ಕೂ ಸಲ್ಲದು. ವಿದ್ವತ್ತಿನ ಸ್ವಾತಂತ್ರ್ಯಕ್ಕೆ ಅದರದೇ ಶಿಸ್ತಿದೆ: ಆಧಾರ ತೋರಿಸಬೇಕು, ಎದುರು ವಾದವನ್ನು ಮುಚ್ಚಿಡಬಾರದು, ತಪ್ಪಾದರೆ ತಿದ್ದಿಕೊಳ್ಳಬೇಕು. ಗೂಳೂರು ಸಿದ್ಧವೀರಣ್ಣೊಡೆಯರೂ ವಚನಗಳ ಆಧಾರ ಇಟ್ಟುಕೊಂಡೇ ತಮ್ಮ ಮಾತು ಹೇಳಿದರು.

ಭಕ್ತರ ಮನಸ್ಸಿಗೆ ನೋವಾಗುವುದಿಲ್ಲವೇ ಎಂಬುದು ಇನ್ನೊಂದು ಪ್ರಶ್ನೆ. ನಾನೂ ಗದ್ದುಗೆಗೆ ಕೈಮುಗಿಯುವವನು. ಸಿದ್ಧಲಿಂಗರ ಕಾಲದ ಬಗ್ಗೆ, ಅವರ ಜೀವನದ ಘಟನೆಗಳ ಬಗ್ಗೆ ವಿದ್ವಾಂಸರು ನಡೆಸಿದ ವಾದಗಳನ್ನು ಓದಿದ ಮೇಲೂ ನನ್ನ ಕೈ ಹಿಂದೆ ಸರಿದಿಲ್ಲ. ಪ್ರಶ್ನೆಗೆ ಉದುರಿ ಹೋಗುವಷ್ಟು ಸಡಿಲವಾಗಿ ನಮ್ಮ ಹಿರಿಯರು ಭಕ್ತಿಯನ್ನು ಕಟ್ಟಿಲ್ಲ.

ಯಡಿಯೂರಿನ ಹತ್ತಿರವೇ, ಶಿಂಷಾ ನದಿಗೆ ಅಡ್ಡಲಾಗಿ ಮಾರ್ಕೋನಹಳ್ಳಿ ಜಲಾಶಯವಿದೆ. ಅದರ ಸೈಫನ್ ನೋಡಲು ದೂರದೂರದಿಂದ ಜನ ಬರುತ್ತಾರೆ. ನೀರು ಒಂದು ಮಟ್ಟ ಮುಟ್ಟಿದ್ದೇ ತಡ, ಯಾರೂ ಗೇಟು ಎತ್ತದೆ, ಯಾರ ಅಪ್ಪಣೆಗೂ ಕಾಯದೆ ಸೈಫನ್ ತಾನೇ ಹರಿಯತೊಡಗುತ್ತದೆ. ನಮ್ಮ ಹಿರಿಯರು ಕೋಡಿಯಿಲ್ಲದ ಕೆರೆ ಕಟ್ಟುತ್ತಿರಲಿಲ್ಲ. ಕೋಡಿ ಮುಚ್ಚಿದರೆ ಮೊದಲು ಏರಿ ಒಡೆಯುತ್ತದೆ, ಆಮೇಲೆ ತೋಟ, ಕೊನೆಗೆ ಊರು. ಪ್ರಶ್ನೆ ಹರಿದು ಹೋಗುವ ದಾರಿಗಳು ಶಾಲೆಯಲ್ಲೂ ಕಟ್ಟಡದ ಭಾಗವಾಗಿಯೇ ಇರಬೇಕು. ಅಧಿಕಾರಿಯ ದಯೆ ಅದಕ್ಕೆ ಬೇಕಾಗಬಾರದು. ಪಠ್ಯ ಬದಲಿಸುವ ಮುನ್ನ ಪಾಠ ಮಾಡುವವರನ್ನು ಕೇಳುವ, ಬದಲಾವಣೆಗೆ ಕಾರಣವನ್ನು ಬರೆದು ಪ್ರಕಟಿಸುವ ಕ್ರಮ ಬರಲಿ. ಅಧ್ಯಾಪಕರ ವಿರುದ್ಧ ದೂರು ಬಂದರೆ ಅಮಾನತಿಗೆ ಮೊದಲು ಅದೇ ವಿಷಯ ಬಲ್ಲವರು ವಿಚಾರಿಸಲಿ. ಖಾಲಿ ಹುದ್ದೆಗಳು ತುಂಬಲಿ. ವಾರಕ್ಕೊಂದು ಪಿರಿಯಡ್ ಮಕ್ಕಳ ಪ್ರಶ್ನೆಗೆಂದೇ ಇರಲಿ. ಇಷ್ಟಕ್ಕೆ ಹೊಸ ಕಾನೂನು ಬೇಡ, ಮನಸ್ಸು ಬೇಕು.

ನಾನು ಓದಿದ ಹೈಸ್ಕೂಲಿನಲ್ಲಿ ಒಬ್ಬರು ಸಮಾಜದ ಮೇಷ್ಟರಿದ್ದರು. ಜಾತ್ರೆ ಮುಗಿದ ಮರುದಿನ ಒಬ್ಬ ಹುಡುಗ ಎದ್ದು ಕೇಳಿದ: “ಸಾರ್, ನಮ್ ಸಿದ್ಧಲಿಂಗೇಶ್ವರರು ಯಾವ ಇಸವಿನಲ್ಲಿದ್ರು?” ಮೇಷ್ಟರು ಒಂದು ಗಳಿಗೆ ಸುಮ್ಮನಿದ್ದು, “ನಂಗೂ ಸರಿಯಾಗಿ ಗೊತ್ತಿಲ್ಲ ಕಣೋ, ನೋಡ್ಕೊಂಡ್ ಬಂದು ಹೇಳ್ತೀನಿ” ಅಂದರು. ಮೇಷ್ಟರಿಗೂ ಗೊತ್ತಿಲ್ಲದ್ದು ಇರುತ್ತದೆ ಎಂಬುದೇ ನಮಗೆ ಆವತ್ತಿನ ದೊಡ್ಡ ಸುದ್ದಿ. ವಾರ ಕಳೆದ ಮೇಲೆ ಎರಡು ಹಳೆಯ ಪುಸ್ತಕ ಹಿಡಿದುಕೊಂಡು ಬಂದರು. ಎರಡರಲ್ಲಿ ಎರಡು ಕಾಲ ಇತ್ತು. ಎರಡನ್ನೂ ಬೋರ್ಡಿನ ಮೇಲೆ ಅಕ್ಕಪಕ್ಕ ಬರೆದು, ಪ್ರತಿಯೊಂದರ ಕೆಳಗೆ ಆ ವಿದ್ವಾಂಸರು ಕೊಟ್ಟ ಕಾರಣಗಳನ್ನೂ ಬರೆದರು.

“ಪರೀಕ್ಷೆಗೆ ಯಾವ್ದು ಬರೀಬೇಕು ಸಾರ್?” ಎಂದ ಅದೇ ಹುಡುಗ.

“ಪರೀಕ್ಷೆಗೆ ಪುಸ್ತಕದಲ್ಲಿರೋದು ಬರಿ. ಇಬ್ರೂ ಯಾಕೆ ಬೇರೆ ಬೇರೆ ಹೇಳ್ತಾರೆ ಅನ್ನೋದನ್ನ ಮಾತ್ರ ಮರೀಬೇಡ.”

ಆ ಎರಡು ಇಸವಿಗಳನ್ನು ನಾನು ಮರೆತಿದ್ದೇನೆ. ಅವುಗಳ ಕೆಳಗಿದ್ದ ಕಾರಣಗಳ ಎರಡು ಪಟ್ಟಿ, ನಡುವೆ ಸೀಮೆಸುಣ್ಣದ ಒಂದು ಉದ್ದ ಗೆರೆ ಇನ್ನೂ ಕಣ್ಣಿಗೆ ಕಟ್ಟಿದಂತಿವೆ. ಮುಂದಿನ ಪಿರಿಯಡ್ಡಿಗೆ ಬಂದ ಲೆಕ್ಕದ ಮೇಷ್ಟರು ಬೋರ್ಡು ಒರೆಸಲು ಹೋದಾಗ ನಾವೆಲ್ಲ ಒಟ್ಟಿಗೆ ಕೂಗಿದ್ದೆವು: “ಸಾರ್, ಒರೆಸ್ಬೇಡಿ, ಇನ್ನೂ ಬರ್ಕೊಂಡಿಲ್ಲ!”